ನೆತ್ತಿಗೆ ಹಚ್ಚಿದ ಹರಳೆಣ್ಣೆ

ತರಬೇತಿಯ ಮೊದಲ ದಿನ ನಾನು ಮಾತಿಗಿಂತ ಮೊದಲು ಯಂತ್ರವನ್ನು ಮೇಜಿನ ಮೇಲೆ ಇಡುತ್ತೇನೆ. ಗಾತ್ರದಲ್ಲಿ ಅದು ಹಳೆಯ ಕಾಲದ ಟೇಪ್ ರೆಕಾರ್ಡರಿನಷ್ಟಿದೆ. ಒಂದು ಸಣ್ಣ ಪರದೆ, ಕೆಲವು ಗುಂಡಿಗಳು, ಹೊರಗೆ ಬಂದ ಎರಡು ವೈರುಗಳು. ಪ್ಲಗ್ ಹಾಕಿಲ್ಲವೆಂದು ಎಲ್ಲರಿಗೂ ಕಾಣುವಂತೆ ಅದನ್ನು ಮೇಜಿನ ಅಂಚಿನಿಂದ ಇಳಿಬಿಟ್ಟು, "ಮುಟ್ಟಿ ನೋಡಿ" ಎನ್ನುತ್ತೇನೆ. ಯಾರೂ ಮುಟ್ಟುವುದಿಲ್ಲ. ಎಳೆ ಕೂಸಿನ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವ, ಅಪಘಾತವಾಗಿ ಬಂದವನ ರಕ್ತ ಮೈಗೆ ಹತ್ತಿದರೂ ಕೈ ನಡುಗದ ನರ್ಸುಗಳು ಇವರು. ಈ ಪೆಟ್ಟಿಗೆಯ ಮುಂದೆ ಮಾತ್ರ ಒಬ್ಬರ ಹಿಂದೆ ಒಬ್ಬರು ಸರಿಯುತ್ತಾರೆ.

ನಾನು ಹೇಳುತ್ತಿರುವ ತಂಡದಲ್ಲಿ ಒಬ್ಬಳು ಮುಂದೆ ಬಂದಳು. ಶೇಡಬಾಳದ ಹುಡುಗಿ. ಕಾಗವಾಡದ ಒಂದು ಆಸ್ಪತ್ರೆಯಲ್ಲಿ ಕೆಲಸ. ಅಂಗೈ ಚಾಚದೆ, ಕೈಯ ಹಿಂಬದಿಯಿಂದ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ತಟ್ಟನೆ ಹಿಂದೆ ಎಳೆದುಕೊಂಡಳು.

"ಹಂಗ್ಯಾಕ ಮುಟ್ಟಿದಿ?" ಎಂದೆ.

"ನಮ್ಮ ಹೊಲದಾಗ ಮೋಟಾರಿನ ಡಬ್ಬಿ ಹಿಂಗ ಮುಟ್ಟತೀವ್ರಿ ಮೇಡಂ. ಅಂಗೈಲೆ ಮುಟ್ಟಿದ್ರ ಕೈ ಮುಚ್ಚಿ ಹಿಡಕೊಂಡ ಬಿಡತೈತಿ. ಹಿಂಬದೀಲೆ ಮುಟ್ಟಿದ್ರ ಒಗದ ಬಿಡತೈತಿ."

ಉಳಿದವರು ನಕ್ಕರು. ಆದರೆ ಅವರಲ್ಲಿ ಯಾರಿಗೂ ಅದನ್ನು ವಿವರಿಸಿ ಹೇಳಬೇಕಾಗಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕರೆಂಟ್ ಎಂದರೆ ಮೊದಲು ನೆನಪಾಗುವುದು ಮನೆಯ ದೀಪವಲ್ಲ, ಕಬ್ಬಿನ ಗದ್ದೆಯ ಮೂಲೆಯಲ್ಲಿರುವ ಸ್ಟಾರ್ಟರ್ ಡಬ್ಬಿ. ತ್ರೀಫೇಸ್ ಬಂದ ಹೊತ್ತಿನಲ್ಲಿ ಒದ್ದೆ ಕಾಲಲ್ಲಿ ಹೋಗಿ ಮೋಟಾರು ಹಚ್ಚುವಾಗ ಹೋದ ಜೀವಗಳು ಪ್ರತಿ ಊರಲ್ಲೂ ಇವೆ. ನರ್ಸಿಂಗಿಗೆ ಬರುವ ಮೊದಲು ನಾನು ನಿಪ್ಪಾಣಿಯ ಒಂದು ವಾರಪತ್ರಿಕೆಯಲ್ಲಿ ವರದಿ ಬರೆಯುತ್ತಿದ್ದೆ. ಅಂಥ ಸುದ್ದಿ ಬರದ ವಾರ ಕಡಿಮೆ. ಅಲ್ಲಿನ ಸಂಪಾದಕರಿಗೆ ಒಂದೇ ಪ್ರಶ್ನೆ: "ಇದು ನೀ ಕಂಡದ್ದೋ, ಯಾರೋ ಹೇಳಿದ್ದೋ?" ಎರಡನ್ನೂ ಬೇರೆ ಇಡಲು ಅಲ್ಲಿ ಕಲಿತೆ. ವಾರ್ಡಿನಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವಿದ್ಯೆ ನನಗೆ ಇನ್ನೊಂದಿಲ್ಲ.

ನಾನು ಕೆಲಸ ಮಾಡುವುದು ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮೇಲಿನ ಮಹಡಿ ಮಾನಸಿಕ ಕಾಯಿಲೆಯವರದು. ಸುತ್ತಲಿನ ತಾಲ್ಲೂಕುಗಳ ಆಸ್ಪತ್ರೆಗಳಿಂದ ನರ್ಸುಗಳು ಕೆಲವು ವಾರ ಇಲ್ಲಿಗೆ ಬಂದು, ತಲೆಗೆ ಕರೆಂಟ್ ಕೊಡುವ ಈ ಚಿಕಿತ್ಸೆಯಲ್ಲಿ ತಮ್ಮ ಪಾಲಿನ ಕೆಲಸ ಕಲಿತು ಹೋಗುತ್ತಾರೆ. ಕಲಿಸುವುದು ಕಷ್ಟದ್ದೇನಲ್ಲ. ರೋಗಿಗೆ ಅರಿವಳಿಕೆ ಕೊಡದೆ ಈ ಚಿಕಿತ್ಸೆ ಮಾಡುವಂತಿಲ್ಲ, ಅದು ಕಾನೂನು. ಹೊಟ್ಟೆ ಖಾಲಿ ಇರಬೇಕು. ಮೈಮೇಲೆ ಲೋಹ ಇರಬಾರದು. ಕೂದಲು ತೊಳೆದು ಒಣಗಿರಬೇಕು. ರೋಗಿ ನಿದ್ದೆಗೆ ಜಾರಿದ ಮೇಲೆ ಸ್ನಾಯುಗಳನ್ನು ಸಡಿಲಿಸುವ ಔಷಧಿ ಕೊಡುತ್ತಾರೆ, ಮಾಸ್ಕಿನಿಂದ ಆಮ್ಲಜನಕ ಕೊಡುತ್ತಾರೆ, ಹಲ್ಲುಗಳ ನಡುವೆ ರಬ್ಬರಿನ ತುಂಡು ಇಡುತ್ತಾರೆ. ಕೆಲವೇ ಸೆಕೆಂಡುಗಳ ಅಳತೆಯ ಕರೆಂಟು. ಆಮೇಲೆ ಮೆದುಳಿನಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ಫಿಟ್ಸ್. ಚಿಕಿತ್ಸೆ ಎಂದರೆ ಆ ಫಿಟ್ಸೇ. ಎಚ್ಚರವಾಗುವಾಗ ರೋಗಿಗೆ ತಾನೆಲ್ಲಿದ್ದೇನೆ ಎಂದು ತಿಳಿಯುವುದಿಲ್ಲ. ಆಗ ಪಕ್ಕದಲ್ಲಿ ಕುಳಿತು ಹೇಳುವವಳು ನರ್ಸು.

ಕಷ್ಟದ ಭಾಗ ಇದಕ್ಕೂ ಮೊದಲು ಬರುತ್ತದೆ, ಮನೆಯವರ ಜೊತೆ ಮಾತಾಡುವಾಗ. ಅದಕ್ಕೆ ನನ್ನವೇ ಕೆಲವು ನಿಯಮಗಳಿವೆ. ಇ.ಸಿ.ಟಿ. ಎಂದು ಇಂಗ್ಲಿಷಿನ ಮೂರು ಅಕ್ಷರ ಹೇಳಿ ಜಾರಿಕೊಳ್ಳಬೇಡಿ, ಕರೆಂಟ್ ಎಂದೇ ಹೇಳಿ. ನೀವು ಹೇಳದಿದ್ದರೆ ಎದುರಿನ ಚಹಾದಂಗಡಿಯವನು ಹೇಳುತ್ತಾನೆ, ಅವನು ಹೇಳುವ ರೀತಿ ಬೇರೆ. ತಾಳಿ ತೆಗೆಯಿರಿ ಎನ್ನಬೇಡಿ. ಅತ್ತೆಯನ್ನೋ ತಾಯಿಯನ್ನೋ ಕರೆದು, ಅರಿಶಿನ ಹಚ್ಚಿದ ನೂಲು ಕಟ್ಟಿಸಿ, ತಾಳಿಯನ್ನು ಅವರ ಕೈಯಲ್ಲೇ ಇರಿಸಿ. "ಏನೂ ಆಗುವುದಿಲ್ಲ" ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ತಲೆ ನೋಯಬಹುದು, ಮರೆವು ಆಗಬಹುದು, ಅರಿವಳಿಕೆಗೆ ಅದರದೇ ಅಪಾಯವಿದೆ. ಎಲ್ಲವನ್ನೂ ಹೇಳಿ, ಆಮೇಲೆ ಸುಮ್ಮನಿರಿ.

ಶೇಡಬಾಳದ ಸಿಸ್ಟರ್ ಇದನ್ನೆಲ್ಲ ಬೇಗ ಹಿಡಿದಳು. ಸುಮ್ಮನಿರುವುದೊಂದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಕನ್ನಡದಲ್ಲಿ ಶುರು ಮಾಡಿ, ಎದುರಿನವರ ಮುಖ ನೋಡಿ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದು, ಮನೆಯವರು ಹೂಂ ಎನ್ನುವವರೆಗೆ ಬಿಡುತ್ತಿರಲಿಲ್ಲ.

ಆ ತಂಡ ಇದ್ದಾಗಲೇ ದಿಗ್ಗೇವಾಡಿಯಿಂದ ಒಬ್ಬ ಬಾಣಂತಿ ಬಂದಳು. ಚೊಚ್ಚಲ ಹೆರಿಗೆಯಾಗಿ ಕೆಲವು ವಾರಗಳಾಗಿದ್ದವು. ಮೊದಲು ನಿದ್ದೆ ಬಿಟ್ಟಿತು, ಆಮೇಲೆ ಮಾತು, ಆಮೇಲೆ ಊಟ. ನಮ್ಮಲ್ಲಿಗೆ ಬಂದಾಗ ನೀರನ್ನೂ ನುಂಗುತ್ತಿರಲಿಲ್ಲ. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಕೂಸನ್ನು ಊರಲ್ಲಿ ನಾದಿನಿಯ ಹತ್ತಿರ ಬಿಟ್ಟು, ಗಂಡ ಮತ್ತು ಅತ್ತೆ ಅವಳನ್ನು ಎತ್ತಿಕೊಂಡು ಬಂದಿದ್ದರು. ಹೀಗೆ ತಿನ್ನದೆ ಕುಡಿಯದೆ ಕಲ್ಲಾದವರಿಗೆ ಗುಳಿಗೆ ಕೆಲಸ ಮಾಡುವವರೆಗೆ ಕಾಯುವಷ್ಟು ಸಮಯ ಇರುವುದಿಲ್ಲ. ಕರೆಂಟ್ ಚಿಕಿತ್ಸೆಯೇ ಬೇಗ ಹತ್ತುವುದು ಎಂದು ಮನೋವೈದ್ಯರು ಹೇಳಿದರು. ಅವಳಿಗೆ ಮಾತಿಲ್ಲದ್ದರಿಂದ ಒಪ್ಪಿಗೆ ಕೊಡಬೇಕಾದವನು ಗಂಡ. ಗಂಡ ತಾಯಿಯ ಮುಖ ನೋಡಿದ.

ಅತ್ತೆ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಟಿನ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳು ನನಗೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ:

"ಬಾಯಾರ, ನಮ್ಮ ಮನಿಯವರು ಮೋಟಾರ ಹಚ್ಚಾಕ ಹೋಗಿ ಕಬ್ಬಿನಾಗ ಬಿದ್ದರು. ಕರೆಂಟ ನಮ್ಮ ಮನಿಯಾಗಿಂದ ಒಬ್ಬರನ್ನ ಒಯ್ದೈತಿ. ಇನ್ನೊಬ್ಬಾಕಿನ್ನ ನಾನ ಕೈಯಾರೆ ಕೊಡಲೇನು?"

ಶೇಡಬಾಳದ ಸಿಸ್ಟರ್ ಅವಳ ಪಕ್ಕ ನೆಲಕ್ಕೆ ಕುಳಿತಳು.

"ಆಯೀ, ಅದೂ ಕರೆಂಟ, ಇದೂ ಕರೆಂಟ. ಸುಳ್ಳ ಹೇಳೂದಿಲ್ಲ. ಆದ್ರ ಕಬ್ಬಿಗೆ ಹಾಯಿಸೂದೂ ನೀರ, ಕೃಷ್ಣಾಕ್ಕ ಮಹಾಪೂರ ಬಂದ್ರೂ ನೀರ. ಒಂದು ಅಳತೀಲೆ ಬರತೈತಿ, ಒಂದು ಅಳತಿ ಇಲ್ದ ಬರತೈತಿ."

"ಮಹಾಪೂರದ ಮಾತು ನನಗ ಹೇಳಬ್ಯಾಡ ಬೇ. ಆವಾಗ ನೀ ಶೇಡಬಾಳದಾಗ ಬೆಚ್ಚಗ ಕುಂತಿದ್ದಿ. ನೀರ ಬಂದದ್ದು ನಮ್ಮ ಹೊಸ್ತಲಕ್ಕ."

"ಹೌದ್ರಿ, ಕುಂತಿದ್ಯಾ. ನಿಮ್ಮಂದಿ ದನಾ ಹೊಡಕೊಂಡ ನಮ್ಮ ಸಾಲಿ ಮುಂದ ಬಂದಾಗ ರೊಟ್ಟಿ ಬಡದ ಕೊಟ್ಟದ್ದು ನಮ್ಮವ್ವ."

ಅತ್ತೆಯ ಮುಖ ಸ್ವಲ್ಪ ಸಡಿಲಾಯಿತು. ಮರೆವಿನ ವಿಷಯ ಹೇಳಿದಾಗ, "ಆಗವಲ್ಲದ್ಯಾಕ. ನಾ ಬೈದದ್ದೆಲ್ಲಾ ಮರತ ಹೋದ್ರ ಚಲೋನ ಆತಲ್ಲ" ಎಂದಳು. ಕೊನೆಗೆ ಅವಳ ಷರತ್ತು ಇದು: "ಎರಡು ಸಲ ಕೊಡ್ರಿ. ಅಷ್ಟರಾಗ ಏನರೆ ಕಾಣಬೇಕು. ಇಲ್ಲಂದ್ರ ನಮ್ಮ ಸೊಸಿನ್ನ ನಾವು ಒಯ್ಯತೀವಿ. ಮೀರಜಿನ ಕಡೆ ಒಬ್ಬರು ನೋಡತಾರಂತ." ಆ ಒಬ್ಬರು ವೈದ್ಯರಲ್ಲ ಎಂದು ಗಂಡನೇ ಆಮೇಲೆ ಹೇಳಿದ. ನೀರು ಕುಡಿಯದವಳನ್ನು ಅಷ್ಟು ದೂರ ಒಯ್ದು ಕೂರಿಸಿದರೆ ಏನಾಗುತ್ತದೆ ಎಂಬುದು ವಾರ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡ್ರಿಪ್ ಇದ್ದುದರಿಂದ ಅವಳು ಇದ್ದಳು.

ಮೊದಲ ಚಿಕಿತ್ಸೆ ಸರಿಯಾಗಿ ಆಯಿತು. ಸಂಜೆ ತುಟಿಗೆ ಚಮಚ ಇಟ್ಟಾಗ ಅವಳು ನೀರು ನುಂಗಿದಳು. ತರಬೇತಿಯವರಲ್ಲಿ ಒಬ್ಬಳು "ರೋಗಿ ಸುಧಾರಿಸಿದ್ದಾರೆ" ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿಸಿ "ಚಮಚದಿಂದ ನೀರು ಕುಡಿದರು" ಎಂದು ಬರೆಸಿದೆ. ಸುಧಾರಣೆ ನಮ್ಮ ಅಂದಾಜು. ನೀರು ನಾವು ಕಂಡದ್ದು.

ಅತ್ತೆ ಕಂಡದ್ದು ಬೇರೆ. ಸೊಸೆ ಆ ದಿನ ಒಂದೆರಡು ಸಲ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದಳು. ನಮಗೆ ಅದು ತಲೆನೋವು, ಮೊದಲೇ ಹೇಳಿದ್ದೆವು, ಗುಳಿಗೆಯನ್ನೂ ಕೊಟ್ಟೆವು. ಅತ್ತೆಗೆ ಅದು ಕಾವು. ಕರೆಂಟು ಹೊಕ್ಕ ತಲೆ ಕಾಯದೆ ಇರುತ್ತದೆಯೇ? ಮೋಟಾರು ಕೂಡ ಕಾಯುತ್ತದೆ. ಮೈ ಕಾದರೆ ನೆತ್ತಿಗೆ ಹರಳೆಣ್ಣೆ ಹಚ್ಚುವುದು ಈ ಕಡೆಯ ಎಲ್ಲ ಮನೆಗಳ ಪದ್ಧತಿ. ಬಾಣಂತಿಗಂತೂ ತಲೆಗೆ ಎಣ್ಣೆ ತಪ್ಪಿಸುವಂತೆಯೇ ಇಲ್ಲ. ನೆತ್ತಿ ಒಣಗಿದರೆ ಗಾಳಿ ಹೊಗುತ್ತದೆ, ಗಾಳಿ ಹೊಕ್ಕರೆ ಸನ್ನಿ. ಸೊಸೆಗೆ ಬಂದಿರುವುದು ಬಾಣಂತಿ ಸನ್ನಿ ಎಂದೇ ಅವಳು ತಿಳಿದಿದ್ದಳು. ಅಂಥವಳ ತಲೆಯಿಂದ ಇದ್ದ ಎಣ್ಣೆಯನ್ನೂ ತೊಳೆದುಹಾಕಿದವರು ನಾವು.

ಎರಡನೆಯ ಚಿಕಿತ್ಸೆಯ ಹಿಂದಿನ ಸಂಜೆ ನಾನು ವಾರ್ಡಿನಲ್ಲಿ ಇರಲಿಲ್ಲ. ಆಗ ನಡೆದದ್ದನ್ನು ಶೇಡಬಾಳದ ಸಿಸ್ಟರ್ ಮರುದಿನ ಹೇಳಿದಳು, ಅತ್ತೆ ಒಪ್ಪಿದಳು. ಅತ್ತೆ ಗಂಟು ಕಟ್ಟಲು ಶುರು ಮಾಡಿದ್ದಳಂತೆ. ಎಣ್ಣೆ ಹಚ್ಚಲು ಬಿಡದಿದ್ದರೆ ಎರಡನೆಯದೂ ಬೇಡ, ಬೆಳಿಗ್ಗೆಯೇ ಹೊರಟೆವು ಎಂದಳಂತೆ. ಸಿಸ್ಟರ್ ಯೋಚಿಸಿದಳು. ಕರೆಂಟು ಹಾಯಿಸುವ ಎಲೆಕ್ಟ್ರೋಡ್ ಇಡುವುದು ಎರಡೂ ಕಣತಲೆಗೆ, ಕಣ್ಣು ಕಿವಿಗಳ ನಡುವೆ. ನೆತ್ತಿ ಅಲ್ಲಿಂದ ದೂರ. ನೆತ್ತಿಯ ಮೇಲೆ ನಾಲ್ಕು ಹನಿ ಎಣ್ಣೆ ಬಿದ್ದರೆ ಕಣತಲೆಗೇನು?

"ನೆತ್ತಿಗೆ ಅಷ್ಟ ಹಚ್ಚರಿ ಆಯೀ. ಕಣತಲಿ ಕಡೆ ಬರಬಾರದು" ಎಂದಳು.

ಅತ್ತೆ ನೆತ್ತಿಗೆ ಅಷ್ಟೇ ಹಚ್ಚಿದಳು. ಆದರೆ ನಾಲ್ಕು ಹನಿಯಲ್ಲ, ಮನೆಯಲ್ಲಿ ಹಚ್ಚುವಂತೆ ಅಂಗೈ ತುಂಬ ಸುರಿದು ತಟ್ಟಿದಳು. ಎಣ್ಣೆ ಹಚ್ಚಿದ ಮೇಲೆ ಕೂದಲು ಬಿಟ್ಟುಕೊಂಡು ಮಲಗಿಸಬಾರದು ಎಂದು ಬಾಚಿ, ಬಿಗಿಯಾಗಿ ಹೆಣೆದು, ಬಾಣಂತಿಗೆ ಕಟ್ಟುವಂತೆ ಕಿವಿ ಮುಚ್ಚಿ ಬಟ್ಟೆ ಕಟ್ಟಿದಳು. ಬಾಚಣಿಗೆ ಎಣ್ಣೆಯನ್ನು ನೆತ್ತಿಯಿಂದ ಕೆಳಗೆ ಎಳೆಯಿತು. ಉಳಿದ ಕೆಲಸವನ್ನು ಬಟ್ಟೆಯ ಬಿಸಿ ಬೆಳಗಿನವರೆಗೆ ಮಾಡಿತು.

ಬೆಳಿಗ್ಗೆ ನಾನು ಚಿಕಿತ್ಸೆಯ ಕೋಣೆಯಲ್ಲಿ ಅವಳ ಕಣತಲೆ ಒರೆಸಿ, ಜೆಲ್ ಹಚ್ಚಿ, ಎಲೆಕ್ಟ್ರೋಡ್ ಇಟ್ಟೆ. ಅರಿವಳಿಕೆ ಕೊಡುವ ಮೊದಲು ಯಂತ್ರ ತಾನೇ ಒಂದು ಪರೀಕ್ಷೆ ಮಾಡುತ್ತದೆ, ಚರ್ಮ ಮತ್ತು ಎಲೆಕ್ಟ್ರೋಡ್ ಸರಿಯಾಗಿ ಕೂಡಿವೆಯೇ ಎಂದು. ಕೂಡಿಲ್ಲ ಎಂದಿತು. ಇನ್ನೊಮ್ಮೆ ಇಟ್ಟೆ. ಇಲ್ಲ ಎಂದಿತು. ಸ್ಪಿರಿಟಿನ ಹತ್ತಿಯಿಂದ ಕೂದಲಂಚನ್ನು ತಿಕ್ಕಿ ನೋಡಿದೆ. ಹತ್ತಿ ಅಂಟು ಅಂಟಾಗಿ ಬಂತು. ಮೂಸಿ ನೋಡುವ ಅಗತ್ಯ ಇರಲಿಲ್ಲ, ಹರಳೆಣ್ಣೆಯ ವಾಸನೆ ಕೋಣೆಯಲ್ಲಿ ತಾನೇ ಎದ್ದಿತ್ತು.

"ಇದನ್ನ ಯಾರು ಹಚ್ಚಿದರು?" ಎಂದು ನಾನು ಕೇಳುವ ಮೊದಲೇ ಶೇಡಬಾಳದ ಸಿಸ್ಟರ್ ಹೇಳಿದಳು: "ಹಚ್ಚಿದ್ದು ಆಯಿ, ಹಚ್ಚರಿ ಅಂದಾಕಿ ನಾನು. ನೆತ್ತಿಗೆ ಅಷ್ಟ ಅಂದಿದ್ಯಾರಿ ಮೇಡಂ."

ಅರಿವಳಿಕೆ ವೈದ್ಯರು ನಿಪ್ಪಾಣಿಯವರು. ವಾರದಲ್ಲಿ ಕೆಲವು ದಿನ ಮಾತ್ರ ಚಿಕ್ಕೋಡಿಗೆ ಬರುತ್ತಾರೆ. ಉಳಿದ ದಿನ ರಾಯಬಾಗ, ಅಥಣಿ ಎಂದು ತಿರುಗುತ್ತಿರುತ್ತಾರೆ. ಗಡಿಯಾರ ನೋಡಿ, "ರಾಯಬಾಗದಾಗ ಸಿಝೇರಿಯನ್ ಐತ್ರಿ ಸಿಸ್ಟರ್. ಒಂದು ತಾಸು ಕುಂದರತೀನಿ. ಆಗಲಿಲ್ಲಂದ್ರ ಮುಂದಿನ ಪಾಳೀಗೆ ನೋಡೂನು" ಎಂದರು.

ಮುಂದಿನ ಪಾಳಿ ಇರಲಿಲ್ಲ. ಊರಿನ ಒಂದು ಗಾಡಿಗೆ ಮಧ್ಯಾಹ್ನ ಬರಲು ಹೇಳಿಯಾಗಿದೆ ಎಂದು ಗಂಡ ಬೆಳಿಗ್ಗೆಯೇ ತಿಳಿಸಿದ್ದ. ಎರಡನೆಯದು ಆಗದಿದ್ದರೆ ಅತ್ತೆ ಅದನ್ನು ಎರಡು ಸಲ ಆದಂತೆಯೇ ಲೆಕ್ಕ ಹಿಡಿಯುತ್ತಿದ್ದಳು.

ಸಿಸ್ಟರಿಗೆ ನಾನು ಹೇಳಿದ್ದಿಷ್ಟೆ: "ಬೈಯೂದು ಆಮ್ಯಾಲ. ಮೊದಲು ಎಣ್ಣಿ."

ಶಾಂಪೂ ತಂದರು. ಶಾಂಪೂವಿಗೆ ಬಗ್ಗುವ ಎಣ್ಣೆ ಅದಲ್ಲ. ಅಷ್ಟರಲ್ಲಿ ಅತ್ತೆ ಬಚ್ಚಲ ಬಾಗಿಲಿಗೆ ಅಡ್ಡ ನಿಂತಿದ್ದಳು. ಬಾಣಂತಿಗೆ ಈ ಹೊತ್ತಿನಲ್ಲಿ ತಲೆಗೆ ನೀರು ಹಾಕಿ, ಒದ್ದೆ ಕೂದಲಲ್ಲಿ ಫ್ಯಾನಿನ ಕೋಣೆಗೆ ಒಯ್ಯುವುದೇ? ಅಂಥದನ್ನು ಅವರ ಕೇರಿಯಲ್ಲಿ ವೈರಿಗೂ ಮಾಡುವುದಿಲ್ಲವಂತೆ.

ಶೇಡಬಾಳದ ಸಿಸ್ಟರ್ ಅವಳ ಎದುರು ನಿಂತಳು. ಕೃಷ್ಣೆಯ ನೀರು, ಕಬ್ಬು, ಯಾವುದನ್ನೂ ತರಲಿಲ್ಲ.

"ಆಯೀ, ನಿನ್ನಿ ನಾ ತಪ್ಪ ಹೇಳಿದ್ಯಾ. ನೀವು ಹಚ್ಚಿದ್ದು ತಪ್ಪಲ್ಲ, ನಾ ಹೂಂ ಅಂದದ್ದು ತಪ್ಪು. ನೀವು ಒಯ್ಯತೀರಿ ಅಂತ ಅಂಜಿ ಹೂಂ ಅಂದ್ಯಾ. ಎಣ್ಣಿ ಇದ್ದಲ್ಲಿ ಕರೆಂಟ ಬರೋಬರಿ ಒಳಗ ಹೋಗೂದಿಲ್ಲ. ಹಂಗ ಕೊಟ್ಟರ ಚರ್ಮ ಸುಡಬಹುದು."

ಸುಡುವುದು ಎಂಬ ಮಾತಿಗೆ ಗಂಡ ತಲೆ ಎತ್ತಿದ. ಅವಳ ಜಾಗದಲ್ಲಿ ನಾನು ಇದ್ದಿದ್ದರೆ ಆ ಮಾತನ್ನು ಅಲ್ಲಿ ಆಡುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆದರೆ ಅದು ನಿಜ. ಸಿಸ್ಟರ್ ಅದನ್ನು ಹೇಳಿ, ಮೊದಲ ಸಲ, ಸುಮ್ಮನೆ ನಿಂತಳು.

ಅತ್ತೆ ಕೇಳಿದಳು:

"ಯಂತ್ರ ಹೇಳೇತೇನು, ಎಣ್ಣಿ ಐತಿ ಅಂತ?"

"ಹೂಂ ರಿ. ಹೇಳೇತಿ. ಅದಕ್ಕ ಕೊಟ್ಟಿಲ್ಲ."

"ಸ್ಟಾರ್ಟರ್ ಡಬ್ಬಿಗೆ ಅಷ್ಟು ಬುದ್ಧಿ ಇದ್ದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಸೆರಗನ್ನು ಇನ್ನೊಂದು ಸುತ್ತು ಬಿಗಿದು, "ಕಡ್ಲಿಹಿಟ್ಟ ತರ್ರಿ. ನೀರ ಕುದಿಯಂಗ ಕಾಸರಿ. ನೀವು ಮುಟ್ಟಬ್ಯಾಡ್ರಿ, ಕೂದಲಾ ಹರೀತೀರಿ" ಎಂದಳು.

ಕಡಲೆಹಿಟ್ಟು ಕೆಳಗಿನ ಕ್ಯಾಂಟೀನಿನಿಂದ ಬಂತು. ಬಜಿಗೆ ಕಲಸಲು ಇಟ್ಟದ್ದನ್ನು ತಂದರೆಂದು ಕ್ಯಾಂಟೀನಿನವನು ಮೆಟ್ಟಿಲವರೆಗೆ ಬೈಯುತ್ತ ಬಂದ. ಅತ್ತೆ ಸೊಸೆಯನ್ನು ತನ್ನ ಮೊಣಕಾಲಿಗೆ ಒರಗಿಸಿ ಕೂರಿಸಿಕೊಂಡು, ಹಿಟ್ಟು ಹಚ್ಚಿ, ಬಿಸಿನೀರು ಹೊಯ್ದು, ಮತ್ತೆ ಹಚ್ಚಿ, ಮತ್ತೆ ಹೊಯ್ದು ತಲೆ ತೊಳೆದಳು. ಹಿಟ್ಟು ಕಣ್ಣಿಗೆ ಹೋಗದಂತೆ ಹಣೆಗೆ ಒಂದು ಅಂಗೈ ಅಡ್ಡ ಇಟ್ಟಿದ್ದಳು. ಬೆರಳು ಜಾರದೆ ಕೂದಲಿನಲ್ಲಿ ಸದ್ದು ಮಾಡತೊಡಗಿದಾಗ "ಹೋತು" ಎಂದಳು.

ಇನ್ನು ಒಣಗಬೇಕು. ಮನೆಯಲ್ಲಾದರೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆಯಲ್ಲಿ ಬಾಣಂತಿಯ ಕೂದಲು ಒಣಗಿಸುತ್ತಾರೆ. ಅವಳು ಅದನ್ನೂ ಕೇಳಿದಳು. ಆಮ್ಲಜನಕದ ಸಿಲಿಂಡರ್ ತೋರಿಸಿ ಆಗುವುದಿಲ್ಲ ಎಂದೆ. ಅಷ್ಟರಲ್ಲಿ ಸಿಸ್ಟರ್ ರಸ್ತೆ ದಾಟಿ ಎದುರಿನ ಬ್ಯೂಟಿಪಾರ್ಲರಿಗೆ ಓಡಿದ್ದಳು. ಆಗಷ್ಟೇ ಷಟರ್ ಎತ್ತುತ್ತಿದ್ದ ಪಾರ್ಲರಿನಾಕೆ ಹೇರ್ ಡ್ರೈಯರ್ ಹಿಡಿದುಕೊಂಡು ತಾನೇ ಹಿಂದೆ ಬಂದಳು, ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಎಂದು.

"ಮದುಮಗಳು ಎಲ್ಲದಾಳ್ರಿ?" ಎನ್ನುತ್ತ ಮೆಟ್ಟಿಲು ಹತ್ತಿದವಳು, ಬಾಗಿಲಲ್ಲಿ ಮಾತು ನಿಲ್ಲಿಸಿ, ಪ್ಲಗ್ ಎಲ್ಲಿದೆ ಎಂದು ಮಾತ್ರ ಕೇಳಿದಳು. ಒಣಗಿಸುವ ಕೆಲಸ ಅವಳೇ ಮಾಡಿದಳು. ಬಿಸಿಗಾಳಿ ನೋಡಿ ಅತ್ತೆಗೆ ಸಮಾಧಾನವಾಯಿತು. ಗಾಳಿಯಾದರೂ ಬೆಚ್ಚಗಿನ ಗಾಳಿ.

ಯಂತ್ರ ಈ ಸಲ ಸರಿ ಎಂದಿತು. ಅತ್ತೆ ಒಳಗೆ ಬರುವಂತಿರಲಿಲ್ಲ. ಬಾಗಿಲಿನ ಗಾಜಿನ ಹೊರಗೆ ನಿಂತು ನೋಡಲು ಮನೋವೈದ್ಯರು ಒಪ್ಪಿದರು. ಅವಳು ಕಂಡದ್ದು ನಾವು ಕಂಡದ್ದೇ: ಸೊಸೆ ನಿದ್ದೆ ಹೋದಳು, ವೈದ್ಯರು ಮಾಸ್ಕ್ ಹಿಡಿದರು, ನಾನು ತಲೆಯ ಹತ್ತಿರ ಇದ್ದೆ, ಶೇಡಬಾಳದ ಸಿಸ್ಟರ್ ಗದ್ದ ಹಿಡಿದಿದ್ದಳು. ಮುಖ ಒಮ್ಮೆ ಬಿಗಿಯಿತು. ಆಮೇಲೆ ಕಾಲಿನ ಹೆಬ್ಬೆರಳು ಸ್ವಲ್ಪ ಹೊತ್ತು ಅಲುಗಿ ನಿಂತಿತು. ಮತ್ತೇನೂ ಇಲ್ಲ. ಹೊರಗೆ ಬಂದಾಗ ಅತ್ತೆ ಕೇಳಿದಳು: "ಇಷ್ಟ ಏನ್ರಿ?"

"ಇಷ್ಟ ರಿ."

"ನಮ್ಮ ಮನಿಯವ್ರು ಹಿಂಗಿರಲಿಲ್ಲ" ಎಂದಳು. ಮತ್ತೆ ಆ ವಿಷಯ ಅವಳು ನನ್ನೊಡನೆ ಎತ್ತಲಿಲ್ಲ.

ಮಧ್ಯಾಹ್ನ ಗಾಡಿ ಬಂತು. ಅಷ್ಟರಲ್ಲಿ ಸೊಸೆ ಗಂಜಿಯನ್ನು ಅರ್ಧ ಬಟ್ಟಲು ಕುಡಿದಿದ್ದಳು. ಬಟ್ಟಲನ್ನು ಹಿಡಿದಿದ್ದುದು ತನ್ನ ಕೈಯಲ್ಲೇ. ಗಂಡ ತಾಯಿಗೆ, "ಬಂದ ಗಾಡಿ ಹಂಗ ಹೊಳ್ಳಿ ಕಳಸೂದೇನವಾ?" ಎಂದ.

"ಕಳಸೋ. ನಾವೇನು ಮದುವಿ ಉಂಡ ಹೊಂಟವರೇನ, ಲಗೂನ ಹೋಗಾಕ?"

ಶೇಡಬಾಳದ ಸಿಸ್ಟರನ್ನು ಬೈಯುವುದಾಗಿ ಹೇಳಿದ್ದೆ, ಬೈದೆ. ಇಡೀ ತಂಡದ ಎದುರಿಗೇ. ಮನೆಯವರನ್ನು ಉಳಿಸಿಕೊಳ್ಳಲು ರೋಗಿಯ ಮೈಯಿಂದ ಬೆಲೆ ಕೊಡುವಂತಿಲ್ಲ ಎಂದೆ. ನಾನು ಕೇಳುವ ಮೊದಲೇ ತಪ್ಪು ಒಪ್ಪಿಕೊಂಡದ್ದು ಸರಿ ಎಂದೂ ಹೇಳಿದೆ. ಅದಾದ ಮೇಲೆ ಒಂದು ಕ್ರಮ ಬದಲಾಯಿಸಿದೆವು. ತಲೆ ತೊಳೆದಿದೆಯೇ ಎಂದು ಈಗ ನಾವು ಕೇಳುವುದಿಲ್ಲ. ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ನರ್ಸು ತನ್ನ ಬೆರಳನ್ನೇ ಕೂದಲಲ್ಲಿ ಆಡಿಸಿ ನೋಡಬೇಕು. ತಲೆ ಕಾಯುವ ಭಯ ಇದ್ದವರಿಗೆ ಎಣ್ಣೆಯನ್ನು ಅಂಗಾಲಿಗೆ ಹಚ್ಚಲು ಹೇಳುತ್ತೇವೆ. ಅಂಗಾಲಿಗೆ ಹಚ್ಚಿದರೂ ತಂಪು ಎಂದು ಇಲ್ಲಿ ಎಲ್ಲರೂ ಒಪ್ಪುತ್ತಾರೆ, ಯಂತ್ರಕ್ಕೂ ತಕರಾರಿಲ್ಲ.

ಇನ್ನೂ ಎರಡು ಸಲ ಚಿಕಿತ್ಸೆಯಾದ ಮೇಲೆ ಬಾಣಂತಿ ಮಾತಾಡಿದಳು. ಮೊದಲು ಒಂದೊಂದೇ ಶಬ್ದ, ಆಮೇಲೆ ಪ್ರಶ್ನೆಗಳು. ಕೂಸನ್ನು ತರಿಸಿದೆವು. ಮಡಿಲಲ್ಲಿ ಇಟ್ಟುಕೊಂಡು ಅದರ ಮುಖಕ್ಕಿಂತ ಹೆಚ್ಚಾಗಿ ಅದರ ಬೆರಳುಗಳನ್ನೇ ನೋಡುತ್ತ ಕುಳಿತಳು.

ಇಲ್ಲಿಯವರೆಗೆ ಒಪ್ಪಿಗೆ ಗಂಡನದಾಗಿತ್ತು. ತನಗೇನಾಗುತ್ತಿದೆ ಎಂದು ತಿಳಿಯುವಷ್ಟು ರೋಗಿ ಚೇತರಿಸಿಕೊಂಡ ಮೇಲೆ ಆ ಒಪ್ಪಿಗೆ ಸಾಲದು, ಅವಳನ್ನೇ ಕೇಳಬೇಕು. ಇನ್ನೂ ಕೆಲವು ಸಲ ಬೇಕು, ಈಗ ನಿಲ್ಲಿಸಿದರೆ ಮೊದಲಿನ ಸ್ಥಿತಿಗೆ ಜಾರಬಹುದು ಎಂಬುದು ಮನೋವೈದ್ಯರ ಅಭಿಪ್ರಾಯ. ಅದನ್ನು ಅವರು ಅವಳಿಗೆ ವಿವರಿಸಿ ಹೋಗಿದ್ದರು. ಉತ್ತರ ಸಂಜೆಯೊಳಗೆ ಹೇಳಲಿ ಎಂದಿದ್ದರು. ಬೇಡ ಎಂದರೆ ಬೇಡ. ಅವಳ ಪಕ್ಕ ಕೂರಲು ನಾನು ಶೇಡಬಾಳದ ಸಿಸ್ಟರಿಗೇ ಹೇಳಿದೆ.

ಸಿಸ್ಟರ್ ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದಳು. "ಅದರಾಗ ಕೇಳೂದೇನೈತಿ? ಹೂಂ ಅಂತಾಳ್ರಿ. ಬರಕೋರಿ. ಹೂಂ ಅನ್ನವಾ."

"ಆಯೀ, ನೀವು ಸ್ವಲ್ಪ ಸುಮ್ಮಕಿರ್ರಿ. ಇದು ಅವರ ಮಾತು."

"ನಾ ಬ್ಯಾಡ ಅಂದಾಗ ತಾಸಗಟ್ಟಲೆ ತಲಿ ತಿಂದಿ. ಈಗ ಹೂಂ ಅಂದ್ರ ಸುಮ್ಮಕಿರು ಅಂತಿ. ಏನ ಹುಡುಗಿ ಬೇ ನೀ."

ಬಾಣಂತಿ ಇಬ್ಬರನ್ನೂ ನೋಡಿದಳು. ಧ್ವನಿ ಇನ್ನೂ ಸಣ್ಣದಿತ್ತು.

"ಇಲ್ಲೀತನಕ ಕೊಟ್ಟದ್ದು ನನಗ ನೆನಪಿಲ್ರಿ. ಇಲ್ಲಿಗೆ ಬಂದದ್ದೂ ನೆನಪಿಲ್ಲ."

"ಹೌದ್ರಿ. ಆ ದಿನಗಳದ್ದು ಕೆಲವು ಹೊಳ್ಳಿ ಬರಬಹುದು, ಬರದನೂ ಇರಬಹುದು."

"ಕೂಸು ಹಡದದ್ದು ನೆನಪೈತಿ. ಇನ್ನ ಕೊಟ್ಟರ ಅದೂ ಹೋಗತೈತೇನು?"

ಇಲ್ಲ ಎನ್ನುವುದು ಸುಲಭವಾಗಿತ್ತು. ಸಿಸ್ಟರ್ ನನ್ನ ಕಡೆ ತಿರುಗಿದಳು. "ನಾ ಹೊಸಬಾಕಿ ರಿ. ಮೇಡಂ ಭಾಳ ಮಂದಿನ್ನ ನೋಡ್ಯಾರ. ಮೇಡಂ, ನೀವು ಕಂಡೀರೇನು, ಹಂಗ ಮರತವರನ್ನ?"

"ತನ್ನ ಕೂಸನ್ನ ಮರತವರನ್ನ ನಾ ಕಂಡಿಲ್ಲ" ಎಂದೆ. "ಆಸ್ಪತ್ರಿ ದಿನಗಳನ್ನ, ಅದಕ್ಕಿಂತ ಮೊದಲಿನ ಕೆಲವು ವಾರಗಳನ್ನ ಮರತವರನ್ನ ಕಂಡೀನಿ. ಕೂಸಿನ ಈ ದಿನಗಳೂ ಅದರಾಗ ಕೆಲವು ಬರಬಹುದು."

ಅವಳು ಅದನ್ನು ಕೇಳಿಸಿಕೊಂಡಳು. ಕೂಸು ಮಿಸುಕಿತು, ಎದೆಗೆ ಸರಿಸಿಕೊಂಡಳು. ಅತ್ತೆ ಏನೋ ಹೇಳಲು ಹೋಗಿ, ಸಿಸ್ಟರಿನ ಮುಖ ನೋಡಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಸಿಸ್ಟರಿನ ಹತ್ತಿರ ಇದ್ದ ವಾರ್ಡಿನ ಮೊಬೈಲು ಬಡಿದುಕೊಂಡಿತು. ಅರಿವಳಿಕೆ ವೈದ್ಯರು. ಅವರ ದನಿ ಹೊರಗೆ ಕೇಳುವಷ್ಟು ಜೋರಾಗಿತ್ತು: ನಾಳೆ ಚಿಕ್ಕೋಡಿಗೆ ಬರಬೇಕೋ, ಅಥಣಿಗೆ ಹೋಗಲೋ, ಅಲ್ಲಿಯವರು ಕಾಯುತ್ತಿದ್ದಾರೆ, ಈಗಲೇ ಹೇಳಿ.

"ಇನ್ನೂ ಅವರು ಹೇಳಿ ಮುಗಿಸಿಲ್ರಿ ಸರ್. ತಡೀರಿ" ಎಂದು ಸಿಸ್ಟರ್ ಫೋನನ್ನು ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡಳು. ಮತ್ತೆ ಮಾತಾಡಲಿಲ್ಲ. ವೈದ್ಯರು ಅತ್ತ ಕಡೆಯಿಂದ ಒಂದೆರಡು ಸಲ ಹಲೋ ಎಂದು, ಅವರೂ ಸುಮ್ಮನಾದರು.

ಬಾಣಂತಿ ಕೂಸಿನ ತಲೆಯ ಮೇಲಿನ ಕುಂಚಿಗೆ ಸರಿಮಾಡಿದಳು. ಆಮೇಲೆ ಅತ್ತೆಯ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಸಿಸ್ಟರಿನ ಮಡಿಲಲ್ಲಿದ್ದ ಫೋನನ್ನು ನೋಡಿ ಹೇಳಿದಳು:

"ಬರ್ರಿ ಅನ್ನರಿ ಅವರಿಗೆ."